ಲಗಾಶಿನ ನಾಗಪಾತ್ರೆ

ಪ್ಯಾರಿಸ್

ತೀರ್ಥರೂಪು ತಂದೆಯವರ ಹಾಗೂ ಮಾತೃಶ್ರೀಯವರ ಚರಣಗಳಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಭಾನುವಾರ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಕಂಡ, ದೇವರಿಗೆ ಧಾರೆ ಎರೆಯುವ ಒಂದು ಪಾತ್ರೆಯ ವಿಷಯ ತಿಳಿಸಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ. ಎತ್ತರ 23 ಸೆಂಟಿಮೀಟರ್, ಒಂದು ಗೇಣು ಮಾತ್ರ. ನಮ್ಮ ಹೊಯ್ಸಳ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲಿನ ಜಾತಿಗೇ ಸೇರಿದ, ಹಸಿರು ಛಾಯೆಯ ಮೃದುವಾದ ಕಲ್ಲಿನದು. ಸುಮಾರು ಕ್ರಿ.ಪೂ. 2120ರಲ್ಲಿ, ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿದ್ದ ಲಗಾಶ್ ರಾಜ್ಯದ ದೊರೆ ಗುಡೇಯ ಇದನ್ನು ತನ್ನ ಇಷ್ಟದೈವ ನಿಂಗಿಶ್‌ಜಿದನಿಗೆ ಅರ್ಪಿಸಿದನು. ಆ ರಾಜ್ಯದ ಗಿರ್ಸು ಪಟ್ಟಣದ ದಿಬ್ಬದಲ್ಲಿ 1877ರಿಂದ ಫ್ರೆಂಚರು ನಡೆಸಿದ ಉತ್ಖನನಗಳಲ್ಲಿ ಇದು ದೊರೆಯಿತು.

ಆ ನಾಡು ಎರಡು ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣಿನ ಬಯಲು. ಅಲ್ಲಿ ಮನೆ, ಗುಡಿ ಎಲ್ಲವೂ ಇಟ್ಟಿಗೆಯವು, ಒಳ್ಳೆಯ ಕಲ್ಲು ಹೊರಗಿನಿಂದಲೇ ಬರಬೇಕು. ಗುಡೇಯನ ಪ್ರತಿಮೆಗಳ ಕಪ್ಪು ಕಲ್ಲು ಮಗನ್‌ನಿಂದ, ಅಂದರೆ ಇಂದಿನ ಒಮಾನ್ ಕಡೆಯಿಂದ, ಬಂದುದೆಂದು ಅವನ ಶಾಸನಗಳೇ ಹೇಳುತ್ತವೆ.

ಅಪ್ಪ, ಪಾತ್ರೆಯ ಮುಂಭಾಗದಲ್ಲಿ ಒಂದು ದಂಡವನ್ನು ಸುತ್ತಿ, ಒಂದರೊಳಗೊಂದು ಹೆಣೆದುಕೊಂಡು ಮೇಲೇರುವ ಎರಡು ಹಾವುಗಳನ್ನು ನೋಡಿದೊಡನೆ ನಮ್ಮ ಅಶ್ವತ್ಥಕಟ್ಟೆಯ ನಾಗರಕಲ್ಲು ಕಣ್ಣೆದುರು ಬಂದಿತು. ಅವುಗಳ ಎರಡೂ ಪಕ್ಕದಲ್ಲಿ ಹಾವಿನ ತಲೆ, ರೆಕ್ಕೆ ಮತ್ತು ಹಕ್ಕಿಯ ಉಗುರುಗಳುಳ್ಳ ವಿಚಿತ್ರ ಪ್ರಾಣಿಗಳು ಕಾವಲು ನಿಂತಿವೆ. ಅವುಗಳ ಮೈಮೇಲೆ ಬಣ್ಣದ ಚೂರುಗಳನ್ನು ಕೂರಿಸಲು ಕೊರೆದ ಕುಳಿಗಳು ಈಗ ಬರಿದಾಗಿವೆ. ನಿಂಗಿಶ್‌ಜಿದ ಎಂಬ ಹೆಸರಿಗೆ 'ಒಳ್ಳೆಯ ಮರದ ಒಡೆಯ' ಎಂದು ವಿದ್ವಾಂಸರು ಅರ್ಥ ಹೇಳುವುದನ್ನು ಓದಿದಾಗ ಮೈ ಜುಮ್ಮೆಂದಿತು. ಅವರಿಂದ ನಮಗೆ, ನಮ್ಮಿಂದ ಅವರಿಗೆ ಬಂದಿತೆಂದು ನಾನು ಹೇಳುವುದಿಲ್ಲ. ಅಷ್ಟು ದೂರದ ಎರಡು ನಾಡುಗಳ ಜನ ಹಾವನ್ನೂ ಮರವನ್ನೂ ಒಟ್ಟಿಗೆ ಪೂಜಿಸಿದರೆಂಬುದೇ ನನಗೆ ದೊಡ್ಡದು.

ಅಮ್ಮ, ಒಂದು ವ್ಯತ್ಯಾಸವೂ ಇದೆ. ನಾಗರಪಂಚಮಿಯಂದು ನೀವು ತನಿ ಎರೆಯುವಾಗ ನಾಗ ಧಾರೆಯ ಕೆಳಗಿರುತ್ತಾನೆ. ಇಲ್ಲಿ ಹಾವುಗಳು ಎರೆಯುವ ಪಾತ್ರೆಯ ಮೇಲೆಯೇ ಇವೆ, ಅವುಗಳ ತಲೆಗಳು ಧಾರೆ ಸುರಿಯುವ ಬಾಯಿಯ ಬಳಿಗೆ ಏರಿವೆ. ಪಾತ್ರೆಯ ಮೇಲಿನ ಶಾಸನದಲ್ಲಿ ಗುಡೇಯ ಕೇಳಿಕೊಂಡಿರುವುದು ತನ್ನ ಆಯುಷ್ಯ ದೀರ್ಘವಾಗಲೆಂದು. ನೀವು ಪ್ರತಿ ವರ್ಷ ನಮಗಾಗಿ ಕೇಳಿಕೊಳ್ಳುವುದೂ ಅದನ್ನೇ.

ಕಟ್ಟೆಯ ಕಲ್ಲಿನ ಒಂದು ಛಾಯಾಚಿತ್ರವನ್ನು ದಯವಿಟ್ಟು ಕಳುಹಿಸಿರಿ. ಅದರಲ್ಲಿ ಹಾವುಗಳು ಎಷ್ಟು ಸುತ್ತು ಹೆಣೆದುಕೊಂಡಿವೆ ಎಂಬುದು ನೆನಪಾಗುತ್ತಿಲ್ಲ.

ಇತಿ ನಿಮ್ಮ ಪ್ರೀತಿಯ ಮಗ