ಪುಟ್ಟಿಯ ಓಟಿನ ಕಥೆ

ಮಿಸ್ಸಿಸಾಗಾ, ಒಂಟಾರಿಯೋ, ಕೆನಡಾ
ಮಾರ್ಚ್ ಎರಡನೇ ವಾರ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಹೊಸ ಔಷಧಿ ಹಿಡಿಸಿತಾ? ಭಾವನಿಗೆ ನಮಸ್ಕಾರ ಹೇಳು. ಇಲ್ಲಿ ಹಿಮ ಇನ್ನೂ ಪೂರ್ತಿ ಕರಗಿಲ್ಲ. ಮಕ್ಕಳಿಗೆ ಸಂಜೆ ಹೊರಗೆ ಆಡುವುದಕ್ಕೆ ಆಗುವುದಿಲ್ಲ. ಆದರೆ ಈ ವರ್ಷ ಅದು ನನಗೆ ಅಷ್ಟೊಂದು ಚಿಂತೆ ಆಗಿಲ್ಲ.

ಹೋದ ಭಾನುವಾರ ಫೋನಿನಲ್ಲಿ ಪುಟ್ಟಿ "ದೊಡ್ಡಮ್ಮ, ಮುಂದಿನ ತಿಂಗಳು ನಾನು ಓಟು ಹಾಕ್ತೀನಿ" ಅಂದಳಲ್ಲ. ನೀನು ಯಾವ ಓಟು ಅಂತ ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ನೀನು ದಿನಾ ಮಕ್ಕಳ ಜೊತೆ ಇರುವವಳು, ನಿನಗೆ ಇದನ್ನು ಅರ್ಧಂಬರ್ಧ ಹೇಳಿದರೆ ಸಮಾಧಾನ ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಒಂಟಾರಿಯೋ ಲೈಬ್ರರಿ ಅಸೋಸಿಯೇಷನ್ ಅಂತ ಒಂದು ಸಂಘ ಇದೆ. ಅವರು 'ಫಾರೆಸ್ಟ್ ಆಫ್ ರೀಡಿಂಗ್' ಅಂತ ಒಂದು ಓದಿನ ಕಾರ್ಯಕ್ರಮ ನಡೆಸುತ್ತಾರೆ. 1994ರಲ್ಲಿ 'ಸಿಲ್ವರ್ ಬರ್ಚ್' ಪ್ರಶಸ್ತಿಯಿಂದ ಇದು ಶುರುವಾಯಿತು. ಈಗ ವಯಸ್ಸಿಗೆ ತಕ್ಕಂತೆ ಒಂದೊಂದು ಮರದ ಹೆಸರಿನಲ್ಲಿ ಪ್ರಶಸ್ತಿಗಳಿವೆ. ಪುಟಾಣಿಗಳ ಚಿತ್ರಪುಸ್ತಕಗಳಿಗೆ ಬ್ಲೂ ಸ್ಪ್ರೂಸ್. ಪುಟ್ಟಿಯಂಥ 3, 4ನೇ ಕ್ಲಾಸಿನವರಿಗೆ ಸಿಲ್ವರ್ ಬರ್ಚ್ ಎಕ್ಸ್‌ಪ್ರೆಸ್. 7, 8ಕ್ಕೆ ರೆಡ್ ಮೇಪಲ್, ಹೈಸ್ಕೂಲಿಗೆ ವೈಟ್ ಪೈನ್. ಫ್ರೆಂಚ್ ಪುಸ್ತಕಗಳಿಗೂ ಬೇರೆ ವಿಭಾಗ ಇದೆ. ಪ್ರತಿ ವಿಭಾಗಕ್ಕೆ ಸಾಮಾನ್ಯವಾಗಿ 10 ಪುಸ್ತಕಗಳನ್ನು ಲೈಬ್ರರಿಯವರು, ಟೀಚರ್‌ಗಳು ಸೇರಿ ಆರಿಸುತ್ತಾರೆ. ದೊಡ್ಡವರ ಕೆಲಸ ಅಲ್ಲಿಗೆ ಮುಗಿಯಿತು. ಆ ಹತ್ತರಲ್ಲಿ ಯಾವುದಕ್ಕೆ ಪ್ರಶಸ್ತಿ ಅಂತ ಹೇಳುವವರು ಮಕ್ಕಳೇ. ಷರತ್ತು ಇಷ್ಟೇ, ಕನಿಷ್ಠ 5 ಪುಸ್ತಕ ಓದಿರಬೇಕು. ಓದಿದವರಿಗೆ ಏಪ್ರಿಲ್‌ನಲ್ಲಿ ಓಟು.

ವರ್ಷಕ್ಕೆ 2.5 ಲಕ್ಷಕ್ಕೂ ಜಾಸ್ತಿ ಜನ ಇದರಲ್ಲಿ ಸೇರುತ್ತಾರೆ. ಶಾಲೆಗಳು, ಊರಿನ ಲೈಬ್ರರಿಗಳು, ಮನೆಯಲ್ಲೇ ಮಕ್ಕಳಿಗೆ ಪಾಠ ಮಾಡುವವರು, ಎಲ್ಲರೂ ಸೇರಬಹುದು. ಒಂದು ಚಿಕ್ಕ ಶಾಲೆಯ ಲೈಬ್ರರಿಯ ಮೂಲೆಯಲ್ಲಿ ಕೂತು ಪುಟ್ಟಿ ಹಾಕುವ ಓಟು ಆ ದೊಡ್ಡ ಲೆಕ್ಕಕ್ಕೆ ಹೋಗಿ ಸೇರುತ್ತದೆ. ಅವಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾಳೆ.

ಅವಳ ಶಾಲೆಯಲ್ಲಿ ಇದನ್ನು ನಡೆಸುವುದು ಲೈಬ್ರರಿ ಟೀಚರ್. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಕ್ಕಳು ಅಲ್ಲಿ ಸೇರುತ್ತಾರೆ. ಒಂದು ಪುಸ್ತಕ ಮುಗಿಸಿದವರು ಟೀಚರ್ ಹತ್ತಿರ ಹೋಗಿ ಎರಡು ಮಾತು ಆಡಬೇಕು, ಆಮೇಲೆ ಅವರು ಕಾರ್ಡಿಗೆ ಮುದ್ರೆ ಒತ್ತುತ್ತಾರೆ. ಕಥೆ ಏನು, ನಾಯಕನ ಹೆಸರೇನು ಅಂತೆಲ್ಲ ಕೇಳುವುದಿಲ್ಲವಂತೆ. "ಎಲ್ಲಿ ಓದು ನಿಲ್ಲಿಸಬೇಕು ಅನಿಸಿತು? ಆದರೂ ಯಾಕೆ ಮುಂದೆ ಓದಿದೆ?" ಅಂತ ಕೇಳುತ್ತಾರಂತೆ. ಇದಕ್ಕೆ ಗೈಡ್ ನೋಡಿ ಉತ್ತರ ಬರೆಯಲು ಆಗುತ್ತದಾ ಹೇಳು! ಓದದೆ ಇದ್ದರೆ ಉತ್ತರವೇ ಇಲ್ಲ. ಮಾರ್ಕ್ಸ್ ಇಲ್ಲ, ಪರೀಕ್ಷೆ ಇಲ್ಲ, ರಿಪೋರ್ಟ್ ಕಾರ್ಡಿನಲ್ಲಿ ಇದರ ಸುದ್ದಿಯೇ ಬರುವುದಿಲ್ಲ.

ಪುಟ್ಟಿ ಹೋದ ವರ್ಷದವರೆಗೆ ಒಂದೇ ಥರದ ಪುಸ್ತಕ ಓದುತ್ತಿದ್ದಳು, ಒಂದೇ ಸರಣಿಯ ತಮಾಷೆ ಕಥೆಗಳು. ನಾನೇನೂ ಬೇಡ ಅಂದಿರಲಿಲ್ಲ. ಈ ಪಟ್ಟಿಯಲ್ಲಿ ಕಥೆಯೂ ಇದೆ, ನಿಜ ಸಂಗತಿಯ ಪುಸ್ತಕಗಳೂ ಇವೆ. ಐದು ಮುಗಿಸಬೇಕಾದರೆ ತನಗೆ ರುಚಿಸದ್ದನ್ನೂ ಒಮ್ಮೆ ಕೈಗೆತ್ತಿಕೊಳ್ಳಬೇಕು. ಪ್ರಾಣಿಗಳ ಬಗ್ಗೆ ಒಂದು ಪುಸ್ತಕವನ್ನು "ಬೋರ್" ಅಂತ ಮೇಜಿನ ಮೇಲೆ ಇಟ್ಟಿದ್ದಳು. ಒಂದು ದಿನ ಬೇರೆ ಪುಸ್ತಕ ಸಿಗದೆ ಅದನ್ನೇ ತೆಗೆದಳು. ಆಮೇಲೆ ಎರಡು ದಿನ ಅಡುಗೆಮನೆಯಲ್ಲಿ ನನ್ನ ಹಿಂದೆ ಮುಂದೆ ಸುತ್ತುತ್ತಾ ಅದರಲ್ಲಿದ್ದದ್ದನ್ನೆಲ್ಲ ಹೇಳಿದಳು. ಸಾರಿಗೆ ಒಗ್ಗರಣೆ ಹಾಕುತ್ತಾ ಅದನ್ನೆಲ್ಲ ಕೇಳುವುದು ನನಗೆ ಎಷ್ಟು ಖುಷಿ ಆಯಿತು ಅಂತ ನಿನಗೆ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಬೇರೆ. ಅವಳೂ ಅವಳ ಗೆಳತಿಯೂ ಒಂದು ಪುಸ್ತಕದ ವಿಷಯಕ್ಕೆ ಜಗಳ ಆಡಿದರು. ಆ ಕಥೆಯಲ್ಲಿ ಹುಡುಗ ತನ್ನ ತಂಗಿಗೆ ಒಂದು ಸುಳ್ಳು ಹೇಳುತ್ತಾನೆ, ಅವಳಿಗೆ ನೋವಾಗಬಾರದು ಅಂತ. ಗೆಳತಿಗೆ ಅದು ಸರಿ ಅನಿಸಿದೆ. ಪುಟ್ಟಿಗೆ ಆ ಹುಡುಗನ ಮೇಲೆ ಸಿಟ್ಟು, "ತಂಗಿಗೆ ನಿಜ ಗೊತ್ತಾಗೋ ಹಕ್ಕಿಲ್ವಾ?" ಅಂತ. ಇಬ್ಬರೂ ನಮ್ಮ ಮನೆಯ ಸೋಫಾದ ಮೇಲೆ ಕೂತು ಪುಟ ತಿರುವಿ ತಿರುವಿ ಸಾಕ್ಷಿ ತೋರಿಸಿದರು. ನಾನು, ಇವರು ಒಬ್ಬರೂ ಮಧ್ಯೆ ಬಾಯಿ ಹಾಕಲಿಲ್ಲ. 'ಇಷ್ಟ ಆಯಿತು, ಇಷ್ಟ ಆಗಲಿಲ್ಲ' ಅನ್ನುವುದು ಎಲ್ಲ ಮಕ್ಕಳಿಗೂ ಬರುತ್ತದೆ. ಯಾಕೆ ಅಂತ ಪುಟ ತೆಗೆದು ತೋರಿಸುವುದು ಸುಮ್ನೆ ಬರುವುದಿಲ್ಲ. ಅವರ ಕೈಯಲ್ಲಿ ಓಟು ಇದೆ, ಆದ್ದರಿಂದ ಕಾರಣ ಬೇಕಾಗುತ್ತದೆ. ನಮ್ಮ ಕಾಲದಲ್ಲಿ ಪಾಠದ ಕೊನೆಗೆ 'ಈ ಕಥೆಯ ನೀತಿಯೇನು' ಅಂತ ಪ್ರಶ್ನೆ ಇರುತ್ತಿತ್ತು. ಕಥೆ ಚೆನ್ನಾಗಿದೆಯಾ ಅಂತ ನಮ್ಮನ್ನು ಯಾರೂ ಕೇಳಲಿಲ್ಲ, ಅಲ್ವಾ?

ಚಿಕ್ಕವನು ಒಂದನೇ ಕ್ಲಾಸು, ಬ್ಲೂ ಸ್ಪ್ರೂಸ್ ಗುಂಪು. ಅವರ ಟೀಚರ್ ಪುಸ್ತಕಗಳನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೇಳಿದರೂ ಓದಿದ ಲೆಕ್ಕವೇ. ಇದು ನನಗೆ ತುಂಬಾ ಹಿಡಿಸಿತು. ಅವನ ಕ್ಲಾಸಿನಲ್ಲಿ ಈಗಷ್ಟೇ ಈ ದೇಶಕ್ಕೆ ಬಂದ ಮಕ್ಕಳಿದ್ದಾರೆ, ಇಂಗ್ಲಿಷ್ ಇನ್ನೂ ಸರಿಯಾಗಿ ಬರುವುದಿಲ್ಲ. ಚಿತ್ರ ನೋಡಿ, ಕೇಳಿ, ಅವರೂ ಎಲ್ಲರ ಜೊತೆ ಒಂದು ಪುಸ್ತಕಕ್ಕೆ ಕೈ ಎತ್ತುತ್ತಾರೆ.

ಒಂದು ವಿಷಯ ಮಾತ್ರ ನನಗೆ ಸರಿ ಬರುವುದಿಲ್ಲ. ಕೆಲವು ಅಪ್ಪ ಅಮ್ಮಂದಿರು ಇದನ್ನೂ ಓಟದ ಸ್ಪರ್ಧೆ ಮಾಡಿಬಿಟ್ಟಿದ್ದಾರೆ. "ನಿಮ್ಮವಳದು ಎಷ್ಟಾಯಿತು? ನಮ್ಮವನು ಹತ್ತೂ ಮುಗಿಸಿದ" ಅಂತ ಪಾರ್ಕಿಂಗ್‌ನಲ್ಲೇ ಶುರು. ಹತ್ತೂ ಓದುವ ಆಸೆ ಮಗುವಿಗೇ ಇದ್ದರೆ ಓದಲಿ, ಒಳ್ಳೆಯದೇ. ಆದರೆ ನಿಯಮ ಮಾಡಿದವರು ಐದು ಅಂತ ಇಟ್ಟಿರುವುದು ನಿಧಾನವಾಗಿ ಓದುವ ಮಗುವೂ ಓಟು ಹಾಕಲಿ ಅಂತ. ಅದನ್ನು ದೊಡ್ಡವರು ಕೆಡಿಸಬಾರದು. ಪುಟ್ಟಿ ಆರು ಮುಗಿಸಿ ಏಳನೆಯದನ್ನು ಅರ್ಧಕ್ಕೆ ಬಿಟ್ಟಿದ್ದಾಳೆ. ಬಿಡಲಿ. ಅದು ಅವಳಿಗೆ ಬೇಡವಾಯಿತು, ಅಷ್ಟೇ.

ಪುಸ್ತಕಕ್ಕೆ ದುಡ್ಡು ಎಷ್ಟಾಯಿತು ಅಂತ ಭಾವ ಕೇಳುತ್ತಾರೆ, ಗೊತ್ತು. ಒಂದನ್ನೂ ಕೊಂಡಿಲ್ಲ. ಶಾಲೆಯಲ್ಲಿ ಕೆಲವು ಪ್ರತಿಗಳಿವೆ. ಉಳಿದದ್ದಕ್ಕೆ ಊರಿನ ಲೈಬ್ರರಿಯಲ್ಲಿ ಹೆಸರು ಬರೆಸಿ ಸರದಿ ಕಾಯುತ್ತೇವೆ. ಚಳಿಗಾಲದಲ್ಲಿ ಎಲ್ಲರಿಗೂ ಅವೇ ಪುಸ್ತಕ ಬೇಕು, ಸರದಿ ಉದ್ದ ಆಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಈ ಪಟ್ಟಿಯಲ್ಲಿ ಇರುವುದೆಲ್ಲ ಕೆನಡಾದವರು ಬರೆದ ಪುಸ್ತಕಗಳೇ. ಪಕ್ಕದಲ್ಲೇ ಅಮೆರಿಕ ಇದೆ. ಭಾಷೆ ಒಂದೇ, ಅಲ್ಲಿನ ಪುಸ್ತಕಗಳೇ ಇಲ್ಲಿನ ಅಂಗಡಿಗಳ ತುಂಬ. ಬಿಟ್ಟರೆ ಇಲ್ಲಿನ ಮಕ್ಕಳು ತಮ್ಮ ಊರು, ತಮ್ಮ ಚಳಿ, ತಮ್ಮ ಬೀದಿ ಇರುವ ಕಥೆ ಓದದೆಯೇ ದೊಡ್ಡವರಾಗುತ್ತಾರೆ. ಹಾಗಾಗಬಾರದು ಅಂತ ಯಾರೂ ಭಾಷಣ ಮಾಡಲಿಲ್ಲ. ಹತ್ತು ಒಳ್ಳೆಯ ಪುಸ್ತಕ ಆರಿಸಿ ಮಕ್ಕಳ ಮುಂದೆ ಇಟ್ಟು, ನೀವೇ ಹೇಳಿ ಅಂದರು. ಮೇ ತಿಂಗಳಲ್ಲಿ ಟೊರಾಂಟೋದಲ್ಲಿ ಸರೋವರದ ದಂಡೆಯ ಹಾರ್ಬರ್‌ಫ್ರಂಟ್ ಸೆಂಟರ್‌ನಲ್ಲಿ ಹಬ್ಬ ನಡೆಯುತ್ತದೆ. ಬಸ್ಸುಗಟ್ಟಲೆ ಮಕ್ಕಳು ಬರುತ್ತಾರೆ. ಲೇಖಕರು ವೇದಿಕೆಗೆ ಬಂದರೆ ನಮ್ಮಲ್ಲಿ ಕ್ರಿಕೆಟ್ ಆಟಗಾರರಿಗೆ ಕೂಗುವ ಹಾಗೆ ಕೂಗುತ್ತಾರೆ. ಪುಸ್ತಕ ಬರೆದವರಿಗೆ ಮಕ್ಕಳು ಹಾಗೆ ಕೂಗುವುದನ್ನು ನಾನು ಮೊದಲು ವಿಡಿಯೋದಲ್ಲಿ ನೋಡಿದಾಗ ಕಣ್ಣು ತುಂಬಿ ಬಂತು. ಈ ವರ್ಷ ಇವರು ರಜೆ ಹಾಕಿದ್ದಾರೆ, ನಾವೂ ಹೋಗುತ್ತೇವೆ.

ಅಕ್ಕ, ನೀನು ಯಾವಾಗಲೂ ಹೇಳುತ್ತೀಯಲ್ಲ, ಶಾಲೆಯ ಬೀರುವಿನಲ್ಲಿ ಪುಸ್ತಕ ಇದೆ, ಮಕ್ಕಳು ಮುಟ್ಟುವುದಿಲ್ಲ ಅಂತ. ನಿನ್ನ 5ನೇ ಕ್ಲಾಸಿನಲ್ಲಿ ಇದನ್ನೇ ಸಣ್ಣದಾಗಿ ಮಾಡಿ ನೋಡು. ಹತ್ತು ಬೇಡ, ಐದು ಕನ್ನಡ ಪುಸ್ತಕ ಸಾಕು. ಮೂರು ಓದಿದವರಿಗೆ ಓಟು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಕನ್ನಡಕ್ಕೂ ಇದೆ. ಆ ಪಟ್ಟಿಯಿಂದ ಒಂದೆರಡು ತೆಗೆದುಕೊಳ್ಳಬಹುದು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ಹಾಕಿಸಬಹುದು. ಬೀರುವಿನಲ್ಲೂ ಹುಡುಕು, ಏನಾದರೂ ಒಳ್ಳೆಯದು ಸಿಕ್ಕೇ ಸಿಗುತ್ತದೆ. ಶಾಲಾ ಸಂಸತ್ತಿನ ಚುನಾವಣೆ ಮಾಡಿಸಿ ನಿನಗೆ ಅಭ್ಯಾಸ ಇದೆ. ಅದೇ ಡಬ್ಬ, ಅದೇ ಚೀಟಿ ಸಾಕು. ಟೀಚರ್‌ಗಳು, ಹೆಡ್‌ಮೇಷ್ಟ್ರು ಯಾರೂ ಓಟು ಹಾಕಬಾರದು, ಯಾವುದಕ್ಕೆ ಹಾಕಬೇಕು ಅಂತ ಹೇಳಲೂಬಾರದು. ಇದೊಂದನ್ನು ಮಾತ್ರ ಬಿಡಬೇಡ. ಗೆದ್ದ ಪುಸ್ತಕದ ಲೇಖಕರಿಗೆ ಮಕ್ಕಳಿಂದಲೇ ಒಂದು ಕಾಗದ ಬರೆಸಿದರೆ ಇನ್ನೂ ಚೆನ್ನ.

ಪುಸ್ತಕಗಳನ್ನು ಆರಿಸಿದ ಮೇಲೆ ಪಟ್ಟಿ ಕಳಿಸು. ಪುಟ್ಟಿಗೆ ಕನ್ನಡ ಓದು ಇನ್ನೂ ನಿಧಾನ, ನಾನು ಓದಿ ಹೇಳುತ್ತೇನೆ. ನಾನು ಇದನ್ನು ಬರೆಯುವಾಗ ಪಕ್ಕದಲ್ಲೇ ನಿಂತು ಇಣುಕುತ್ತಿದ್ದಾಳೆ. ಕೆನಡಾದಿಂದ ಹಾಕುವ ಓಟನ್ನು ದೊಡ್ಡಮ್ಮ ಲೆಕ್ಕಕ್ಕೆ ತಗೊಳ್ತಾರಾ ಅಂತ ಕೇಳಬೇಕಂತೆ.

ಅಮ್ಮನಿಗೆ ಈ ಪತ್ರ ಓದಿ ಹೇಳು.

ನಿನ್ನ ಪ್ರೀತಿಯ ತಂಗಿ