ರಸ್ತೆ ಅಗಲ ಮಾಡೋ ಮುಂಚೆ ಬಸ್ಸು ಎಲ್ಲಿ ನಿಂತೋಗ್ತಿದೆ ನೋಡಿ

ಮಾನ್ಯ ಸಂಪಾದಕರೇ,

ಟ್ರಾಫಿಕ್ ಬಗ್ಗೆ ನಿಮ್ಮ ಪತ್ರಿಕೇಲಿ ಬರೋ ಸುದ್ದಿ, ಓದುಗರ ಪತ್ರ ಎಲ್ಲಾ ತಪ್ಪದೇ ಓದ್ತೀನಿ. ಜಾಮ್ ಅಂದ ತಕ್ಷಣ ಫ್ಲೈಓವರ್ ಕಟ್ಟಿ, ರಸ್ತೆ ಅಗಲ ಮಾಡಿ, ಸಿಗ್ನಲ್ ತೆಗೆದು ಅಂಡರ್‌ಪಾಸ್ ಮಾಡಿ, ಇಷ್ಟೇ ಮಾತು. ಅದೇ ರಸ್ತೇಲಿ ಐವತ್ತು ಅರವತ್ತು ಜನರನ್ನ ತುಂಬ್ಕೊಂಡು ಕಾರುಗಳ ಮಧ್ಯೆ ಸಿಕ್ಕಾಕೊಂಡಿರೋ ಬಸ್ಸಿನ ಬಗ್ಗೆ ಯಾರೂ ಒಂದು ಸಾಲು ಬರೆಯಲ್ಲ, ಬರೆದ್ರೂ "ಬಸ್ಸು ಅಡ್ಡಾದಿಡ್ಡಿ ನಿಲ್ಲಿಸ್ತಾರೆ" ಅಂತ ಡ್ರೈವರ್‌ಗೆ ಬೈಯೋಕೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ಜಾಗ ಸಾಲದೇ ಕತ್ತರಿಸೋದಾದ್ರೆ ಬಸ್ ಸ್ಟಾಪಿನ ಭಾಗ ಮಾತ್ರ ಉಳಿಸ್ಕೊಳ್ಳಿ, ಬೇರೆ ಏನ್ ಬೇಕಾದ್ರೂ ತೆಗೀರಿ.

ಮೊದಲು ಒಂದು ಸಣ್ಣ ಲೆಕ್ಕ. ಸಿಗ್ನಲ್ ಇರೋ ರಸ್ತೇಲಿ ಒಂದು ಲೇನಿಗೆ ಅರ್ಧ ಹೊತ್ತು ಕೆಂಪು ಅಂತಿಟ್ಕೊಳ್ಳಿ, ಹಸಿರು ಇದ್ದಾಗ ಎರಡು ಸೆಕೆಂಡಿಗೆ ಒಂದು ಕಾರು ದಾಟಿದ್ರೂ ಗಂಟೆಗೆ 900 ಕಾರು, ಕಾರಿಗೆ ಒಂದೂವರೆ ಜನ ಅಂದ್ರೆ 1,350 ಜನ. ಅದೇ ಲೇನಲ್ಲಿ ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 50 ಜನ ಅಂದ್ರೆ 3,000 ಜನ. ಎರಡು ಪಟ್ಟಿಗಿಂತ ಜಾಸ್ತಿ. ಆದ್ರೆ ನಿಮಿಷಕ್ಕೊಂದು ಬಸ್ಸು ಓಡೋ ಲೇನು ನೋಡೋಕೆ ಖಾಲಿ ಖಾಲಿ ಕಾಣತ್ತೆ, ಪಕ್ಕದಲ್ಲಿ ಬಂಪರ್‌ಗೆ ಬಂಪರ್ ತಾಗಿಸ್ಕೊಂಡು ನಿಂತಿರೋರಿಗೆ ಇಷ್ಟು ಜಾಗ ದಂಡ ಮಾಡಿದಾರಲ್ಲ ಅಂತ ಹೊಟ್ಟೆ ಉರಿಯತ್ತೆ, ರಾಜಕೀಯ ಅಲ್ಲಿಂದ ಶುರು. ದೆಹಲೀಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿ.ಮೀ. ಬಸ್ಸಿಗೇ ಮೀಸಲಾದ ಲೇನ್ (ಬಸ್ ಕಾರಿಡಾರ್) 2008ರಲ್ಲಿ ಶುರುವಾಯ್ತು, ವಿರೋಧ ಇದ್ದೋರು ಕೋರ್ಟಿಗೆ ಹೋದ್ರು, 2012ರಲ್ಲಿ ಹೈಕೋರ್ಟ್ ಅರ್ಜಿ ವಜಾ ಮಾಡ್ತು, ಕೋರ್ಟಲ್ಲಿ ಉಳ್ಕೊಂಡಿದ್ದನ್ನ 2016ರಲ್ಲಿ ಸರ್ಕಾರವೇ ಕಿತ್ತು ಹಾಕಿತು. ಬೆಂಗಳೂರಿನ ಹೊರವರ್ತುಲ ರಸ್ತೇಲಿ 2019ರಲ್ಲಿ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರದ ಕಡೆಗೆ ಬೊಲಾರ್ಡ್ ಅನ್ನೋ ಗಿಡ್ಡ ಕಂಬ ನೆಟ್ಟು ಬಸ್ಸಿಗೆ ಬೇರೆ ಲೇನ್ ಕೊಟ್ರು, ಆಮೇಲೆ ಮೆಟ್ರೋ ಕಾಮಗಾರಿ ಬಂತು, ಲೇನ್ ಹೋಯ್ತು.

ಅಂದ್ರೆ ಬಸ್ ಲೇನ್ ಬೇಡ ಅಂತಲ್ಲ ನಾನು ಹೇಳ್ತಿರೋದು. ರಸ್ತೆ ಉದ್ದಕ್ಕೂ ಬಣ್ಣ ಬಳಿದು ಉದ್ಘಾಟನೆ ಮಾಡಿ ಕೈತೊಳ್ಕೊಳ್ಳೋ ಮುಂಚೆ, ಬಸ್ಸಿನ ಟೈಮು ನಿಜವಾಗ್ಲೂ ಎಲ್ಲಿ ಹೋಗ್ತಿದೆ ಅಂತ ಯಾರಾದ್ರೂ ಒಬ್ಬ ಇಂಜಿನಿಯರ್ ವಾಚ್ ಹಿಡ್ಕೊಂಡು ಬಸ್ಸಲ್ಲಿ ಕೂತು ನೋಡ್ಲಿ. ಪೀಕ್ ಅವರ್‌ನಲ್ಲಿ ಬಸ್ಸಿನ ಎಷ್ಟೋ ಹೊತ್ತು ನಿಂತೇ ಹೋಗತ್ತೆ, ನಿಲ್ಲೋದೂ ಮುಖ್ಯವಾಗಿ ಎರಡು ಕಡೆ, ಒಂದು ಸ್ಟಾಪು, ಇನ್ನೊಂದು ಸಿಗ್ನಲ್ಲು. ಈ ಎರಡು ಕಡೆ ಸರಿ ಮಾಡಿದ್ರೆ ಅರ್ಧ ಕೆಲಸ ಮುಗೀತು, ಅದೂ ಒಂದು ಫ್ಲೈಓವರ್ ಖರ್ಚಿನ ಮೂಲೆಗೂ ಬರಲ್ಲ.

ಸ್ಟಾಪನ್ನೇ ತಗೊಳ್ಳಿ. ನಮ್ಮಲ್ಲಿ ಬಸ್ ಬೇ ಅಂತ ಫುಟ್‌ಪಾತ್ ಕೊರೆದು ಒಳಗೆ ಜಾಗ ಮಾಡಿರ್ತಾರೆ, ಹಿಂದೆ ಬರೋ ವಾಹನಕ್ಕೆ ಬಸ್ಸು ಅಡ್ಡ ಬರ್ಬಾರ್ದು ಅಂತ. ಆ ಜಾಗದಲ್ಲಿ ಆಟೋ ನಿಂತಿರತ್ತೆ, ಡೆಲಿವರಿ ಬೈಕು ನಿಂತಿರತ್ತೆ, ಹಜಾರ್ಡ್ ಲೈಟ್ ಹಾಕ್ಕೊಂಡು "ಎರಡೇ ನಿಮಿಷ" ಅಂತ ಒಂದು ಕಾರು. ಬಸ್ಸು ಬಂತು, ಒಳಗೆ ಪೂರ್ತಿ ಹೋಗೋಕಾಗಲ್ಲ, ಮೂತಿ ಒಳಗೆ ಹಿಂಭಾಗ ರಸ್ತೇಲಿ, ಹಿಂದಿನ ಬಾಗಿಲಿಗೂ ಫುಟ್‌ಪಾತಿಗೂ ನಡುವೆ ಒಂದು ಮಾರು ಜಾಗ, ಹತ್ತೋರು ರಸ್ತೆಗಿಳಿದು ಓಡ್ಬೇಕು, ಆ ಸಂದೀಲೇ ಸ್ಕೂಟರ್ ಒಂದು ನುಗ್ಗತ್ತೆ. ಮಗು ಎತ್ಕೊಂಡಿರೋರು, ಮಂಡಿ ನೋವಿರೋ ಅಜ್ಜಿ, ಚೀಲ ಹೊತ್ತಿರೋರು ಎಲ್ಲಾ ರಸ್ತೆಯಿಂದ ಮೊದಲ ಮೆಟ್ಟಿಲಿಗೆ ಹತ್ತೋ ಅಷ್ಟು ಹೊತ್ತಿಗೆ ಸಿಗ್ನಲ್ ಹಸಿರಾಗಿ ಮತ್ತೆ ಕೆಂಪಾಗಿರತ್ತೆ. ಇನ್ನು ಒಳಗೆ ಪೂರ್ತಿ ಹೋದ ಬಸ್ಸಿನ ಕಥೆ ಬೇರೆ, ಇಂಡಿಕೇಟರ್ ಹಾಕ್ಕೊಂಡು ನಿಂತ್ರೆ ಹೊರಗೆ ಬಿಡೋರೇ ಇಲ್ಲ. ಹೀಗಿರುವಾಗ ಡ್ರೈವರ್ ಅಡ್ಡ ನಿಲ್ಲಿಸದೇ ಇನ್ನೇನ್ ಮಾಡ್ತಾನೆ?

ಇದಕ್ಕೆ ಪರಿಹಾರ ಉಲ್ಟಾ ಕಡೆಯಿಂದ ಬರ್ಬೇಕು. ಫುಟ್‌ಪಾತನ್ನ ಕೊರೆಯೋ ಬದಲು ಸ್ಟಾಪಿರೋ ಕಡೆ ಅದನ್ನ ರಸ್ತೆ ಕಡೆಗೆ ಮುಂದಕ್ಕೆ ತರೋದು, ಬಸ್ಸು ತನ್ನ ಲೇನಲ್ಲೇ ನೇರ ಬಂದು ನೇರ ನಿಲ್ಲತ್ತೆ, ನೇರ ಹೊರಡತ್ತೆ, ಒಳಗೆ ಹೋಗೋದು ಹೊರಗೆ ಬರೋದು ಇಲ್ವೇ ಇಲ್ಲ. ಮುಂದಕ್ಕೆ ಬಂದ ಜಾಗದಲ್ಲಿ ತಂಗುದಾಣ ಹಾಕಿದ್ರೆ ಹಿಂದೆ ನಡ್ಕೊಂಡು ಹೋಗೋರಿಗೆ ದಾರಿ ಬಿಟ್ಟಂಗೂ ಆಗತ್ತೆ. ಬಸ್ಸು ನಿಂತಾಗ ಹಿಂದಿನ ಕಾರು ಹದಿನೈದು ಸೆಕೆಂಡ್ ಕಾಯ್ಬೇಕಾಗತ್ತೆ ನಿಜ, ಈಗ ಬಸ್ಸಲ್ಲಿರೋ ಐವತ್ತು ಜನ ಕಾಯ್ತಿದಾರಲ್ಲ. ಸ್ಟಾಪಿನ ನೆಲ ಬಸ್ಸಿನ ನೆಲದ ಮಟ್ಟಕ್ಕೆ ಬಂದ್ರೆ ಇನ್ನೂ ಒಳ್ಳೇದು. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಾಟ ಶುರು ಮಾಡಿದ ಚಿಗರಿ ಬಸ್ಸು ಹತ್ತಿರೋರಿಗೆ ಇದು ಗೊತ್ತಿರತ್ತೆ, ಆ ಯೋಜನೆ ಬಗ್ಗೆ ದೂರುಗಳು ಏನೇ ಇರ್ಲಿ, ಟಿಕೆಟ್ ಮೊದಲೇ ತಗೊಂಡು ಮೆಟ್ಟಿಲೇ ಇಲ್ದೆ ನೇರ ಒಳಗೆ ನಡ್ಕೊಂಡು ಹೋಗೋದಿದ್ಯಲ್ಲ, ಹತ್ತಿಪ್ಪತ್ತು ಜನ ಹತ್ತೋಕೆ ಕೆಲವೇ ಸೆಕೆಂಡ್ ಸಾಕು. ಬ್ರೆಜಿಲ್‌ನ ಕುರಿಟಿಬಾ 1974ರಲ್ಲೇ ಬಸ್ಸಿಗೆ ಪ್ರತ್ಯೇಕ ದಾರಿ ಮಾಡಿತ್ತು, ಆದ್ರೆ ಅಲ್ಲೂ ಹತ್ತೋ ಮುಂಚೆನೇ ದುಡ್ಡು ಕೊಟ್ಟು ಬಸ್ಸಿನ ಮಟ್ಟದಲ್ಲೇ ನಿಂತು ಹತ್ತೋ ಆ ಕೊಳವೆ ಆಕಾರದ ಸ್ಟೇಷನ್ನು ಬಂದಿದ್ದು 1991ರಲ್ಲಿ, ಪ್ರಪಂಚ ಆಮೇಲೆ ನಕಲು ಮಾಡಿದ್ದು ಬರೀ ಲೇನನ್ನಲ್ಲ, ಈ ಸ್ಟೇಷನ್ನನ್ನೂ.

ಸಿಗ್ನಲ್ ವಿಷಯ. ನಮ್ಮ ಸ್ಟಾಪುಗಳು ಹೆಚ್ಚಾಗಿ ಸಿಗ್ನಲ್ಲಿಗೆ ಮುಂಚೆ ಇರ್ತವೆ. ಹಸಿರಿದ್ದಾಗ ಬಸ್ಸು ಜನ ಹತ್ತಿಸ್ಕೊಳ್ತಾ ಇರತ್ತೆ, ಹತ್ತಿಸ್ಕೊಂಡು ಹೊರಡೋ ಹೊತ್ತಿಗೆ ಕೆಂಪು ಬೀಳತ್ತೆ, ಒಂದೇ ಜಾಗದಲ್ಲಿ ಎರಡು ಸಲ ನಿಂತಂಗಾಯ್ತು. ಸ್ಟಾಪನ್ನ ಜಂಕ್ಷನ್ ದಾಟಿದ ಮೇಲೆ ಇಟ್ರೆ ಈ ಡಬಲ್ ಕಾಯೋದು ತಪ್ಪತ್ತೆ. ಇನ್ನೊಂದು, ಬಸ್ಸುಗಳಲ್ಲಿ ಈಗ ಜಿಪಿಎಸ್ ಇದೆ, ಬಸ್ಸು ಹತ್ರ ಬರ್ತಿದೆ ಅಂತ ಸಿಗ್ನಲ್ಲಿಗೆ ಗೊತ್ತಾದ್ರೆ ಹಸಿರನ್ನ ಒಂದು ಎಂಟ್ಹತ್ತು ಸೆಕೆಂಡ್ ಎಳೀಬಹುದು, ಇಲ್ಲಾ ಕೆಂಪನ್ನ ಸ್ವಲ್ಪ ಬೇಗ ಮುಗಿಸ್ಬಹುದು. ಅದಕ್ಕೂ ಸ್ಟಾಪು ಆಚೆ ಕಡೆ ಇರ್ಬೇಕು, ಯಾಕಂದ್ರೆ ಈಚೆ ಸ್ಟಾಪಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲತ್ತೆ ಅಂತ ಯಾವ ಕಂಪ್ಯೂಟರ್ರೂ ಹೇಳೋಕಾಗಲ್ಲ. ರಸ್ತೆ ಇಕ್ಕಟ್ಟಾಗಿ ಪೂರ್ತಿ ಲೇನ್ ಕೊಡೋಕೇ ಆಗದ ಕಡೆ ಸಿಗ್ನಲ್ಲಿಗೆ ಮುಂಚೆ ಒಂದು ಐವತ್ತು ಅರವತ್ತು ಮೀಟರ್ ಮಾತ್ರ ಬಸ್ಸಿಗೆ ಬಿಟ್ರೂ ಸಾಲು ತಪ್ಪಿಸ್ಕೊಂಡು ಮುಂದೆ ಹೋಗ್ಬಹುದು. ಜಾಮ್ ಆಗದ ಕಡೆ ಎರಡು ಕಿ.ಮೀ. ಲೇನ್ ಮಾಡೋದಕ್ಕಿಂತ ಜಾಮ್ ಆಗೋ ಕಡೆ ಇನ್ನೂರು ಮೀಟರ್ ಮಾಡೋದು ಮೇಲು, ಆದ್ರೆ ಎರಡು ಕಿ.ಮೀ. ಅಂದ್ರೆ ಬೋರ್ಡಲ್ಲಿ ಚೆನ್ನಾಗಿ ಕಾಣತ್ತೆ ಅಲ್ವಾ.

ಇದರಿಂದ ಬಸ್ಸುಗಳೂ ಉಳೀತವೆ ಅನ್ನೋದು ಬಹಳ ಜನಕ್ಕೆ ಹೊಳೆಯಲ್ಲ. ಹೋಗಿ ಬರೋಕೆ ಎರಡು ಗಂಟೆ ಹಿಡಿಯೋ ರೂಟಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಬಿಡ್ಬೇಕಂದ್ರೆ 12 ಬಸ್ಸು ಬೇಕು. ಅದೇ ಒಂದೂವರೆ ಗಂಟೇಲಿ ಹೋಗಿ ಬಂದ್ರೆ 9 ಬಸ್ಸು ಸಾಕು, ಇಲ್ಲಾ ಅದೇ 12 ಬಸ್ಸಲ್ಲಿ ಏಳೂವರೆ ನಿಮಿಷಕ್ಕೊಂದು ಬಿಡ್ಬಹುದು. ಹೊಸ ಬಸ್ಸು ಕೊಳ್ಳಲಿಲ್ಲ, ಹೊಸ ಡ್ರೈವರ್ ನೇಮಕ ಮಾಡ್ಲಿಲ್ಲ, ಜಾಮಲ್ಲಿ ನಿಂತು ಉರಿಯೋ ಡೀಸೆಲ್ಲೂ ಉಳೀತು. ಮತ್ತೆ ನಾವೆಲ್ಲ ಬೈತೀವಲ್ಲ, ಅರ್ಧ ಗಂಟೆ ಒಂದೂ ಬಸ್ ಬರಲ್ಲ, ಬಂದ್ರೆ ಮೂರು ಒಟ್ಟಿಗೇ ಬರ್ತವೆ ಅಂತ, ಅದೂ ಡಿಪೋದವರ ಕುತಂತ್ರ ಏನಲ್ಲ. ಒಂದು ಬಸ್ಸು ಸಿಗ್ನಲ್ಲಲ್ಲಿ ಸಿಕ್ಕಿ ಐದು ನಿಮಿಷ ಲೇಟಾದ್ರೆ ಮುಂದಿನ ಸ್ಟಾಪಲ್ಲಿ ಅಷ್ಟು ಜಾಸ್ತಿ ಜನ ಸೇರಿರ್ತಾರೆ, ಅವರು ಹತ್ತೋಕೆ ಇನ್ನಷ್ಟು ಹೊತ್ತು, ಇನ್ನಷ್ಟು ಲೇಟು, ಹಿಂದಿನ ಬಸ್ಸಿಗೆ ಜನ ಕಮ್ಮಿ ಆದ್ದರಿಂದ ಅದು ಬೇಗ ಬೇಗ ಬಂದು ಇದರ ಬೆನ್ನಿಗೆ ಅಂಟ್ಕೊಳತ್ತೆ. ಮುಂದಿನ ಬಸ್ಸು ಗಿಜಿಗಿಜಿ, ಹಿಂದಿನದು ಖಾಲಿ. ಟೈಮ್ ಟೇಬಲ್ ಎಷ್ಟು ಸಲ ತಿದ್ದಿದ್ರೂ ಅಷ್ಟೇ, ರಸ್ತೇಲಿ ಆಗೋ ಲೇಟು ತಪ್ಪೋವರೆಗೆ ಮೂರು ಒಟ್ಟಿಗೇ ಬರ್ತಾನೇ ಇರ್ತವೆ.

ಇನ್ನು ಫುಟ್‌ಪಾತು. ಬಸ್ಸಿನ ವಿಷಯ ಮಾತಾಡ್ತಾ ಇದು ಯಾಕೆ ಅಂದ್ರೆ, ಬಸ್ಸಲ್ಲಿ ಹೋಗೋ ಪ್ರತಿಯೊಬ್ಬನೂ ಮೊದಲು ನಡೀತಾನೆ, ಇಳಿದ್ಮೇಲೂ ನಡೀತಾನೆ. ಮತ್ತೆ ಹೋಗೋ ಬಸ್ಸು ಒಂದು ಕಡೆ, ವಾಪಸ್ ಬರೋ ಬಸ್ಸು ಇನ್ನೊಂದು ಕಡೆ, ಹಾಗಾಗಿ ಹೋಗುವಾಗ್ಲೋ ಬರುವಾಗ್ಲೋ ರಸ್ತೆ ದಾಟ್ಲೇಬೇಕು, ಇದರಿಂದ ತಪ್ಪಿಸ್ಕೊಳ್ಳೋಕೆ ಸಾಧ್ಯವೇ ಇಲ್ಲ. ಇಪ್ಪತ್ನಾಲ್ಕು ಮೀಟರ್ ಅಗಲದ ರಸ್ತೆ ದಾಟೋಕೆ ಸೆಕೆಂಡಿಗೆ 1.2 ಮೀಟರ್ ನಡೆಯೋರಿಗೆ 20 ಸೆಕೆಂಡ್, 0.8 ಮೀಟರ್ ನಡೆಯೋ ವಯಸ್ಸಾದೋರಿಗೆ 30 ಸೆಕೆಂಡ್. ಅಷ್ಟು ಹೊತ್ತು ಹಸಿರು ಮನುಷ್ಯನ ಚಿತ್ರ ಉರಿಯೋ ಸಿಗ್ನಲ್ ಎಷ್ಟಿವೆ ಹೇಳಿ? ಡಿವೈಡರ್ ಹತ್ರ ಸುರಕ್ಷಿತವಾಗಿ ನಿಲ್ಲೋಕೆ ಜಾಗ ಇದ್ರೆ ಎರಡು ಕಂತಲ್ಲಿ ದಾಟ್ಬಹುದು, ನಮ್ಮಲ್ಲಿ ಡಿವೈಡರ್ ಮೇಲೆ ಕಬ್ಬಿಣದ ಬೇಲಿ ಹಾಕಿ ಆಚೆ ಎಲ್ಲೋ ಸ್ಕೈವಾಕ್ ಕಟ್ಟಿರ್ತಾರೆ, ಲಿಫ್ಟ್ ಕೆಟ್ಟಿರತ್ತೆ, ಮೇಲೆ ಜಾಹೀರಾತು ಮಾತ್ರ ಝಗಮಗ ಅಂತಿರತ್ತೆ, ಜನ ಬೇಲಿ ಸರಳು ಬಗ್ಗಿಸಿದ ಕಡೆ ತೂರ್ಕೊಂಡು ದಾಟ್ತಾರೆ. ನಡೆಯೋರು ಹತ್ತಿ ಇಳೀಬೇಕು, ಗಾಡಿ ಮಾತ್ರ ನೇರ ಹೋಗ್ಬೇಕು ಅನ್ನೋ ಈ ಯೋಚನೆ ಯಾವಾಗ ಹೋಗತ್ತೋ.

ಫುಟ್‌ಪಾತ್ ಅಗಲ 1.8 ಮೀಟರ್ ಇದ್ರೆ ಎರಡು ಗಾಲಿಕುರ್ಚಿ ಎದುರುಬದುರು ದಾಟ್ಬಹುದು. ಡ್ರಾಯಿಂಗಲ್ಲಿ ಅಷ್ಟು ಇರತ್ತೆ, ನೆಲದ ಮೇಲೆ ಅದರ ಮಧ್ಯಕ್ಕೇ ಟ್ರಾನ್ಸ್‌ಫಾರ್ಮರ್, ಸಿಗ್ನಲ್ ಪೆಟ್ಟಿಗೆ, ಅಲುಗಾಡೋ ಚಪ್ಪಡಿ, ಅಡ್ಡರಸ್ತೆ ಬಂದಾಗೆಲ್ಲ ಮುಕ್ಕಾಲಡಿ ಇಳಿದು ಮತ್ತೆ ಹತ್ತೋದು. ಅಡ್ಡರಸ್ತೇಲಿ ಫುಟ್‌ಪಾತ್ ಮಟ್ಟವನ್ನೇ ಮುಂದುವರಿಸಿ ಗಾಡಿಗಳು ಏರಿ ಇಳಿಯೋ ಹಾಗೆ ಮಾಡಿದ್ರೆ ವೇಗವೂ ತಗ್ಗತ್ತೆ. ಸ್ಟಾಪಿನ ಹತ್ರ ನೆರಳು ಬೇಕು, ಇರೋ ಮರ ಕಡಿದು ಸ್ಟೀಲ್ ಬೆಂಚು ಹಾಕಿದ್ರೆ ಮಧ್ಯಾಹ್ನ ಅದರ ಮೇಲೆ ಕೂರೋಕಾಗಲ್ಲ. ಬೀದಿದೀಪವೂ ಅಷ್ಟೇ, ಬೆಳಕೆಲ್ಲ ರಸ್ತೆ ಕಡೆಗೆ, ಕಾಯೋ ಜನ ಕತ್ತಲಲ್ಲಿ.

ಇದಕ್ಕೆಲ್ಲ ಜಾಗ ಬಿಡಿಸೋಕೆ ಅಂಗಡಿ ಮುಂದಿನ ಪಾರ್ಕಿಂಗ್ ತೆಗೀಬೇಕು ಅಂದ್ರೆ, ಪಾರ್ಕಿಂಗ್ ಹೋದ್ರೆ ವ್ಯಾಪಾರ ಹೋಗತ್ತೆ ಅಂತಾರೆ ಅಂಗಡಿಯವರು, ಅವರ ಭಯ ಸುಳ್ಳು ಅಂತ ತಳ್ಳಿ ಹಾಕೋಕಾಗಲ್ಲ, ಸರಕು ಇಳಿಸೋಕೆ ಅವರಿಗೆ ಬೆಳಗ್ಗೆ ಬೇಗ ಅಥವಾ ಮಧ್ಯಾಹ್ನ ಒಂದು ಹೊತ್ತು, ಅಡ್ಡರಸ್ತೇಲಿ ಒಂದು ಜಾಗ ಕೊಡ್ಲೇಬೇಕು. ಆದ್ರೆ ಗಿರಾಕಿಗಳು ಹೇಗೆ ಬರ್ತಾರೆ ಅನ್ನೋದನ್ನ ಅಂಗಡಿಯವರು ಊಹೆ ಮಾಡ್ತಾರೆ, ಎಣಿಸಿರಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೇಳಿದಾಗ ನೂರಕ್ಕೆ 41 ಗಿರಾಕಿಗಳು ಕಾರಲ್ಲಿ ಬರ್ತಾರೆ ಅಂದ್ರು ಅಂಗಡಿಯವರು, ಗಿರಾಕಿಗಳನ್ನೇ ಕೇಳಿದಾಗ ಬಂದಿದ್ದು 22. ಬಾಗಿಲ ಮುಂದೆ ದಿನವಿಡೀ ನಿಂತಿರೋ ಕಾರು ಎಷ್ಟೋ ಸಲ ಗಿರಾಕೀದೂ ಆಗಿರಲ್ಲ, ಮಾಲೀಕರದ್ದೇ ಆಗಿರತ್ತೆ, ಅದು ಬೇರೆ ಮಾತು.

ಕೊನೇದಾಗಿ ಕಾವಲು. ಎಲ್ಲಾ ಕಡೆ ಪೊಲೀಸ್ ನಿಲ್ಲಿಸೋಕಾಗಲ್ಲ, ನಿಲ್ಲಿಸಿದ್ರೂ ಮೊದಲ ವಾರ ಮಾತ್ರ. ನ್ಯೂಯಾರ್ಕಲ್ಲಿ 2019ರಿಂದ ಬಸ್ಸಿನಲ್ಲೇ ಕ್ಯಾಮೆರಾ ಇಟ್ಟು ಬಸ್ ಲೇನಲ್ಲಿ ನಿಂತ ಗಾಡಿಗಳ ನಂಬರ್ ಹಿಡೀತಿದಾರೆ, ಬಸ್ಸು ಹೋದಲ್ಲೆಲ್ಲ ಕಾವಲೂ ಹೋಯ್ತು. ಆಂಬುಲೆನ್ಸು, ಅಗ್ನಿಶಾಮಕ ವಾಹನ ಈ ಲೇನಲ್ಲೇ ಹೋಗ್ಲಿ, ಈಗ ಸೈರನ್ ಹೊಡ್ಕೊಂಡು ಜಾಮಲ್ಲಿ ನಿಂತಿರೋದಕ್ಕಿಂತ ಎಷ್ಟೋ ವಾಸಿ. ಬೈಕಿನವರನ್ನ ಮಾತ್ರ ಬಿಡ್ಬಾರ್ದು, ಒಬ್ಬರನ್ನ ಬಿಟ್ರೆ ಹಿಂದೆ ನೂರು ಜನ ಬರ್ತಾರೆ.

ನಿಮ್ಮಲ್ಲಿ ಒಂದು ಬೇಡಿಕೆ ಸಂಪಾದಕರೇ. ಇಂಥ ಯೋಜನೆ ಎಲ್ಲೇ ಘೋಷಣೆ ಆದ್ರೂ ನಿಮ್ಮ ವರದಿಗಾರರು ಅಧಿಕಾರಿಗಳನ್ನ ಎಷ್ಟು ಕೋಟಿ, ಎಷ್ಟು ಕಿ.ಮೀ. ಅಂತ ಕೇಳೋದರ ಜೊತೆಗೆ, ಸಂಜೆ ಆರು ಗಂಟೆಗೆ ಈ ತುದಿಯಿಂದ ಆ ತುದಿಗೆ ಬಸ್ಸಿಗೆ ಈಗ ಎಷ್ಟು ನಿಮಿಷ ಹಿಡಿಯತ್ತೆ, ಕೆಲಸ ಮುಗಿದ್ಮೇಲೆ ಎಷ್ಟು ಹಿಡಿಯತ್ತೆ ಅಂತಲೂ ಕೇಳ್ಲಿ, ಉತ್ತರವನ್ನ ಅಚ್ಚು ಹಾಕಿ. ಆರು ತಿಂಗಳು ಬಿಟ್ಟು ಅದೇ ಬಸ್ಸಲ್ಲಿ ಒಬ್ಬ ವರದಿಗಾರನ್ನ ಕಳ್ಸಿ, ನಿಮಿಷ ಎಣಿಸಿ ಎರಡೂ ನಂಬರ್ ಪಕ್ಕಪಕ್ಕ ಹಾಕಿ.

ಇಂತಿ,
ದಿನಾ ಬಸ್ಸಲ್ಲಿ ಓಡಾಡೋ ನಿಮ್ಮ ಓದುಗ