ಬಣ್ಣಕ್ಕಿಂತ ಮೊದಲು ಬಟ್ಟೆ

ಮಾನ್ಯ ಸಂಪಾದಕರೇ,

ತೈಲವರ್ಣ ಚಿತ್ರಗಳ ಕುರಿತ ಬರಹಗಳಲ್ಲಿ ಬಣ್ಣ, ಕುಂಚಗಳ ಬಗ್ಗೆ ಧಾರಾಳವಾಗಿ ಚರ್ಚೆಯಾಗುತ್ತದೆ. ಅವುಗಳ ಅಡಿಯಲ್ಲಿರುವ ಕ್ಯಾನ್ವಾಸನ್ನು ಹದಗೊಳಿಸುವ ಮಾತು ಮಾತ್ರ ಅಪರೂಪ. ತೈಲವರ್ಣದಲ್ಲಿ ಬಣ್ಣದ ಪುಡಿಯನ್ನು ಕಲಸುವ ಅಗಸೆ ಎಣ್ಣೆ ಒಣಗುವುದೆಂದರೆ ನೀರಿನಂತೆ ಆರಿಹೋಗುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ಆ ಎಣ್ಣೆ ಕ್ಯಾನ್ವಾಸಿನ ಹತ್ತಿ ಅಥವಾ ಲಿನನ್ ಎಳೆಗಳಿಗೆ ನೇರವಾಗಿ ಇಳಿದರೆ, ಅವು ವರ್ಷ ಕಳೆದಂತೆ ಕಂದಿ, ಪೆಡಸಾಗಿ, ಕೊನೆಗೆ ಹರಿಯುವ ಸ್ಥಿತಿಗೆ ಬರುತ್ತವೆ. ಹಿಂದಿನ ಯುರೋಪಿನ ಕಲಾವಿದರು ಮೊದಲು ಪ್ರಾಣಿಜನ್ಯ ಅಂಟನ್ನು ಬಳಿಯುತ್ತಿದ್ದುದು ಇದನ್ನು ತಡೆಯಲೆಂದೇ. ಆದರೆ ಆ ಅಂಟು ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗಿ, ಮೇಲಿನ ಬಣ್ಣವನ್ನೇ ಬಿರುಕು ಬಿಡಿಸುತ್ತದೆ.

ಇಂದು ಹೆಚ್ಚಿನವರು ಬಳಸುವುದು ಅಕ್ರಿಲಿಕ್ ಜೆಸ್ಸೊ, ಅಂದರೆ ಬಣ್ಣ ಹಚ್ಚುವ ಮೊದಲು ಬಟ್ಟೆಗೆ ಬಳಿಯುವ ಅಸ್ತರ ಲೇಪ. ಒಮ್ಮೆ ಅವಸರಕ್ಕೆ ನಾನು ಒಂದೇ ದಪ್ಪ ಲೇಪ ಬಳಿದು ಮುಗಿಸಿದೆ. ಕೆಲವು ತಿಂಗಳ ನಂತರ ಕ್ಯಾನ್ವಾಸಿನ ಬೆನ್ನಿನಲ್ಲಿ ಹಳದಿ ಎಣ್ಣೆಕಲೆಗಳು ಮೂಡಿದ್ದವು. ಈಗ ತೆಳುವಾದ ಮೂರು ಲೇಪ ಕೊಡುತ್ತೇನೆ: ಒಂದನ್ನು ಅಡ್ಡಕ್ಕೆ, ಮುಂದಿನದನ್ನು ಉದ್ದಕ್ಕೆ, ನಡುವೆ ನಯವಾದ ಉಜ್ಜುಕಾಗದದ ಒಂದು ಸುತ್ತು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ರಂಧ್ರ ಕಂಡರೂ ಇನ್ನೊಂದು ಲೇಪ ಬೇಕು. ಕೊನೆಯ ಲೇಪ ಕೈಗೆ ಅಂಟದಿದ್ದರೂ ಎರಡು ಮೂರು ದಿನ ಕಾಯುವುದು ಒಳಿತು.

ಗೋಡೆಯ ಬಣ್ಣವನ್ನೇ ಅಸ್ತರವಾಗಿ ಬಳಿಯುವ ಅಗ್ಗದ ಉಪಾಯವನ್ನು ನಾನಂತೂ ಒಪ್ಪಲಾರೆ. ಹಳೆಯ ತೈಲಚಿತ್ರದ ಮೇಲೆ ಅಕ್ರಿಲಿಕ್ ಜೆಸ್ಸೊ ಬಳಿದು ಮರುಬಳಕೆ ಮಾಡುವುದು ಅದಕ್ಕಿಂತಲೂ ಕೆಟ್ಟದ್ದು. ಎಣ್ಣೆಯ ಪದರಕ್ಕೆ ಅದು ಸರಿಯಾಗಿ ಕಚ್ಚಿಕೊಳ್ಳದೆ ಮುಂದೆ ಹಕ್ಕಳೆಯಾಗಿ ಏಳುತ್ತದೆ.

ಇಂತಿ,
ಓರ್ವ ಚಿತ್ರಕಲಾವಿದ